ರೈಟ್ಸ್ ಆಫ್ ಸ್ಪ್ರಿಂಗ್ ಎರಡೇ ವರ್ಷಕ್ಕೆ ಯಾಕೆ ನಿಂತುಹೋಯಿತು?

ನೀವು ಕೇಳಿರುವುದು ಇಷ್ಟು: ಅಮೆರಿಕದ ಪಂಕ್ ಬ್ಯಾಂಡ್ ಫುಗಾಜಿಗೆ ಸೇರುವ ಮೊದಲು ಗೀ ಪಿಚೊಟ್ಟೊ ಹಾಡುತ್ತಿದ್ದ ರೈಟ್ಸ್ ಆಫ್ ಸ್ಪ್ರಿಂಗ್ ಬ್ಯಾಂಡ್ ಒಂದೇ ಆಲ್ಬಂಗೆ ಯಾಕೆ ಮುಗಿಯಿತು, ಜಗಳವಾಯಿತಾ, ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ಹೆಸರು ಹೇಗೆ ಬಂತು, ಈಗ ಯಾವುದರಿಂದ ಕೇಳಲು ಶುರು ಮಾಡಬೇಕು. ಫುಗಾಜಿಯ ಹುಚ್ಚು ಹತ್ತಿಸಿಕೊಂಡು ಅಲ್ಲಿಂದ ಹಿಂದಕ್ಕೆ ಹುಡುಕುತ್ತಾ ಹೋದವರಲ್ಲಿ ನಾನೂ ಒಬ್ಬ. ಹಾಗಾಗಿ ನನ್ನ ಉತ್ತರ ಸ್ವಲ್ಪ ಪಕ್ಷಪಾತದ್ದೇ.

ಇದನ್ನು ದುರಂತ ಕತೆಯ ಹಾಗೆ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ವಾಷಿಂಗ್ಟನ್ ಡಿ.ಸಿ.ಯ ಆ ಬಳಗದಲ್ಲಿ ಬ್ಯಾಂಡ್ ಅಂದರೆ ಎರಡು ಮೂರು ವರ್ಷದ ಮಾತು. ಟೀನ್ ಐಡಲ್ಸ್ ಸುಮಾರು ಒಂದು ವರ್ಷ ಇತ್ತು. ಅವರ ಪುಟ್ಟ ರೆಕಾರ್ಡ್ ಹೊರತರಬೇಕೆಂದೇ ಅದೇ ಬ್ಯಾಂಡಿನ ಇಯಾನ್ ಮೆಕೈ ಮತ್ತು ಜೆಫ್ ನೆಲ್ಸನ್ 1980ರಲ್ಲಿ ಡಿಸ್ಕಾರ್ಡ್ ಎಂಬ ರೆಕಾರ್ಡ್ ಲೇಬಲ್ ಶುರು ಮಾಡಿದರು. ಅದು ಹೊರಬರುವ ಹೊತ್ತಿಗೆ ಬ್ಯಾಂಡೇ ಇರಲಿಲ್ಲ! ಮೈನರ್ ಥ್ರೆಟ್ 1983ಕ್ಕೆ ಮುಗಿಯಿತು, ದಿ ಫೇತ್ ಕೂಡ ಅದೇ ವರ್ಷ. ಎಲ್ಲರೂ ಹೈಸ್ಕೂಲು, ಕಾಲೇಜು ವಯಸ್ಸಿನ ಹುಡುಗರು. ಇದನ್ನೇ ನಂಬಿ ಹೊಟ್ಟೆ ಹೊರೆಯಬೇಕೆಂಬ ಲೆಕ್ಕಾಚಾರ ಯಾರಿಗೂ ಇರಲಿಲ್ಲ.

1984ರ ಹೊತ್ತಿಗೆ ಅಲ್ಲಿನ ಹಾರ್ಡ್‌ಕೋರ್ ಪಂಕ್, ಅಂದರೆ ಪಂಕ್‌ನ ಇನ್ನೂ ವೇಗದ ಒರಟು ಬಗೆ, ಒಂದು ಅಚ್ಚಿಗೆ ಬಿದ್ದಿತ್ತು. ಒಂದು ನಿಮಿಷದ ಹಾಡು, ಒಂದೇ ವೇಗ, ಒಂದೇ ಬಗೆಯ ಕೂಗು. ಅದಕ್ಕಿಂತ ಕೆಟ್ಟದ್ದು ವೇದಿಕೆಯ ಮುಂದೆ ನಡೆಯುತ್ತಿದ್ದುದು. ಹೊಡೆದಾಡಲೆಂದೇ ಬರುವ ಸ್ಕಿನ್‌ಹೆಡ್ (ತಲೆ ಬೋಳಿಸಿಕೊಂಡ ಹುಡುಗರ) ಗುಂಪುಗಳು ಸೇರಿಕೊಂಡು, ಇದನ್ನೆಲ್ಲ ಕಟ್ಟಿದವರಿಗೇ ಶೋಗೆ ಹೋಗುವುದು ಬೇಸರವಾಗಿತ್ತು. ಅಂಥ ಹೊತ್ತಿನಲ್ಲಿ ನಾಲ್ವರು ಕೂಡಿಕೊಂಡರು. ಹಾಡು ಮತ್ತು ಗಿಟಾರ್ ಪಿಚೊಟ್ಟೊ ಅವರದು, ಡ್ರಮ್ಸ್ ಬ್ರೆಂಡನ್ ಕ್ಯಾಂಟಿ, ಬಾಸ್ ಮೈಕ್ ಫೆಲೋಸ್, ಇನ್ನೊಂದು ಗಿಟಾರ್ ಎಡ್ಡಿ ಜ್ಯಾನಿ. ಮೊದಲ ಮೂವರು ಇನ್‌ಸರೆಕ್ಷನ್ ಎಂಬ ಬ್ಯಾಂಡಿನಿಂದ ಬಂದವರು, ಜ್ಯಾನಿ ದಿ ಫೇತ್‌ನಿಂದ. ಹೆಸರು ತಂದುಕೊಂಡದ್ದು 1913ರಲ್ಲಿ ಪ್ಯಾರಿಸ್ ರಂಗಮಂದಿರದಲ್ಲಿ ಪ್ರೇಕ್ಷಕರು ಗಲಾಟೆ ಎಬ್ಬಿಸಿದ ಸ್ಟ್ರಾವಿನ್‌ಸ್ಕಿಯ ಬ್ಯಾಲೆಯಿಂದ. ಪಂಕ್ ಹುಡುಗರ ಆಯ್ಕೆಯಾಗಿ ಭೇಷ್ ಅನ್ನಬೇಕು.

ಇವರು ವೇಗ ಬಿಡಲಿಲ್ಲ. ಆದರೆ ಎರಡು ಗಿಟಾರ್‌ಗಳ ನಡುವೆ ರಾಗ ತಂದರು, ಹಾಡನ್ನು ಅದಕ್ಕೆ ಬೇಕಾದಷ್ಟು ಉದ್ದ ಬೆಳೆಯಲು ಬಿಟ್ಟರು. ಆಲ್ಬಂನ ಕೊನೆಯ 'ಎಂಡ್ ಆನ್ ಎಂಡ್' ಏಳು ನಿಮಿಷ ದಾಟುತ್ತದೆ. ಹಾರ್ಡ್‌ಕೋರ್ ಲೆಕ್ಕದಲ್ಲಿ ಅದು ಬಹುತೇಕ ಅಪರಾಧ. ಸಾಹಿತ್ಯವೂ ಬೇರೆ. ಪೊಲೀಸರನ್ನೋ ರೇಗನ್ ಸರ್ಕಾರವನ್ನೋ ಬೈಯುವ ಬದಲು ಕಳೆದುಹೋದ ಕಾಲ, ಒಡೆದ ನಂಟು, ತನ್ನ ಮೇಲೇ ಇರುವ ಸಿಟ್ಟು. ಪಿಚೊಟ್ಟೊ ಹಾಡುವಾಗ ದನಿ ಒಡೆದು ಹೋಗುತ್ತದೆ, ಅವರು ಅದನ್ನು ಸರಿಮಾಡಿಕೊಳ್ಳಲು ನಿಲ್ಲುವುದೇ ಇಲ್ಲ. ಆಲ್ಬಂ ಧ್ವನಿಮುದ್ರಣವಾದದ್ದು 1985ರ ಫೆಬ್ರವರಿಯಲ್ಲಿ ಇನ್ನರ್ ಇಯರ್ ಸ್ಟುಡಿಯೋದಲ್ಲಿ. ಸ್ಟುಡಿಯೋ ಅಂದರೆ ಆಗ ಪೊಟೋಮ್ಯಾಕ್ ನದಿಯಾಚೆ ಆರ್ಲಿಂಗ್ಟನ್‌ನಲ್ಲಿ ಡಾನ್ ಝಿಯೆಂಟಾರಾ ಅವರ ಮನೆಯ ನೆಲಮಾಳಿಗೆ. ಮೆಕೈ ನಿರ್ಮಾಪಕರಾಗಿ ಕೂತರು, ಡಿಸ್ಕಾರ್ಡ್ ಅದೇ ವರ್ಷ ಬಿಡುಗಡೆ ಮಾಡಿತು.

ಆ ಬೇಸಿಗೆಯನ್ನು ಅಲ್ಲಿನವರು 'ರೆವಲ್ಯೂಷನ್ ಸಮ್ಮರ್' ಅನ್ನುತ್ತಾರೆ. ಡಿಸ್ಕಾರ್ಡ್ ಬಳಗದ ಏಮಿ ಪಿಕರಿಂಗ್ ಸ್ನೇಹಿತರಿಗೆಲ್ಲ ಸಹಿಯಿಲ್ಲದ ಚೀಟಿ ಕಳಿಸಿ ಹುರಿದುಂಬಿಸಿದ್ದರಿಂದ ಬಂದ ಹೆಸರು. ಮೆಕೈ ಅವರ ಎಂಬ್ರೇಸ್, ಜೊತೆಗೆ ಬೀಫೀಟರ್, ಡ್ಯಾಗ್ ನ್ಯಾಸ್ಟಿ ಎಲ್ಲ ಆಗಿನವೇ. ದಕ್ಷಿಣ ಆಫ್ರಿಕಾದ ರಾಯಭಾರ ಕಚೇರಿಯ ಎದುರು ವರ್ಣಭೇದ ನೀತಿಯ ವಿರುದ್ಧ ಪಂಕ್ ಹುಡುಗ ಹುಡುಗಿಯರು ಡ್ರಮ್ಮು, ಡಬ್ಬ ಬಡಿದು ಪ್ರತಿಭಟಿಸಿದ್ದೂ ಆ ಬೇಸಿಗೆಯಲ್ಲೇ.

ಇಷ್ಟಾದರೂ ರೈಟ್ಸ್ ಆಫ್ ಸ್ಪ್ರಿಂಗ್ ತನ್ನ ಇಡೀ ಆಯಸ್ಸಿನಲ್ಲಿ ಕೊಟ್ಟ ಶೋಗಳು ಇಪ್ಪತ್ತನ್ನೂ ಮುಟ್ಟಲಿಲ್ಲ. ಅವರ ಶೋ ಅಂದರೆ ಗಿಟಾರ್, ಆಂಪ್ಲಿಫೈಯರ್ ಮುರಿಯುವುದು ಮಾಮೂಲು. ಸಾಲು ಸಾಲು ಊರು ಸುತ್ತುವ ಬ್ಯಾಂಡಿಗೆ ಅದು ಕಟ್ಟುವ ಲೆಕ್ಕವಲ್ಲ. ನೋಡಿದವರು ಕಣ್ಣೀರು ಹಾಕಿದರು ಎಂದು ಅಲ್ಲಿದ್ದವರೇ ಹೇಳಿಕೊಂಡಿದ್ದಾರೆ. 1986ರ ಜನವರಿಯಲ್ಲಿ ನಾಲ್ಕು ಹಾಡಿನ ಪುಟ್ಟ ರೆಕಾರ್ಡ್ (ಇಪಿ) 'ಆಲ್ ಥ್ರೂ ಅ ಲೈಫ್' ಮುದ್ರಿಸಿದರು, ಬ್ಯಾಂಡ್ ಅಲ್ಲಿಗೆ ಮುಗಿಯಿತು. ಅದು ಅಂಗಡಿಗೆ ಬಂದದ್ದು 1987ರಲ್ಲಿ.

ಹಾಗಂತ ಇವರು ಚದುರಿದರಾ? ಫೆಲೋಸ್ ಬಿಟ್ಟು ಉಳಿದ ಮೂವರು ಎಂಬ್ರೇಸ್‌ನ ಗಿಟಾರ್ ವಾದಕ ಮೈಕಲ್ ಹ್ಯಾಂಪ್ಟನ್ ಜೊತೆ 1986ರಲ್ಲೇ ಒನ್ ಲಾಸ್ಟ್ ವಿಶ್ ಕಟ್ಟಿದರು. ಅವರು ಮುದ್ರಿಸಿಟ್ಟ ಆಲ್ಬಂ ಹೊರಬರಲು 1999 ಆಗಬೇಕಾಯಿತು. 1987ರಲ್ಲಿ ಮೊದಲಿನ ನಾಲ್ವರೂ ಮತ್ತೆ ಕೂಡಿ ಹ್ಯಾಪಿ ಗೋ ಲಿಕಿ ಆದರು. ಜನ ಅದೇ ನಾಲ್ವರು, ಸಂಗೀತ ಬೇರೆ, ಹಾಗಾಗಿ ಹಳೆಯ ಹೆಸರನ್ನು ಎಳೆದು ತರಲಿಲ್ಲ. ಜಗಳವಾಡಿ ಮುಖ ನೋಡದವರು ಹೀಗೆ ಮಾಡುತ್ತಾರೆಯೇ? ಯಕ್ಷಗಾನದಲ್ಲಿ ಕಲಾವಿದರು ಒಂದು ಮೇಳ ಬಿಟ್ಟು ಇನ್ನೊಂದಕ್ಕೆ ಹೋದ ಹಾಗೆ ಅಷ್ಟೇ. ಮೆಕೈ, ಬಾಸ್ ನುಡಿಸುವ ಜೋ ಲ್ಯಾಲಿ, ಕ್ಯಾಂಟಿ ಸೇರಿ 1987ರ ಸೆಪ್ಟೆಂಬರ್ 3ರಂದು ಫುಗಾಜಿಯ ಮೊದಲ ಶೋ ಕೊಟ್ಟರು, ಪಿಚೊಟ್ಟೊ ಸ್ವಲ್ಪ ತಡವಾಗಿ ಬಂದರು. ಮೊದಮೊದಲು ಅವರ ಕೈಯಲ್ಲಿ ಗಿಟಾರೇ ಇರಲಿಲ್ಲ, ಬರೀ ಹಾಡು. ಆ ಬ್ಯಾಂಡ್ ಮಾತ್ರ 2003ರವರೆಗೆ ನಡೆಯಿತು.

'ಇಮೋ', ಅಂದರೆ ಮನಸ್ಸಿನ ಭಾವನೆಗಳನ್ನು ಮುಂದಿಟ್ಟು ಹಾಡುವ ಪಂಕ್ ಬಗೆ, ಶುರುವಾದದ್ದು ಇವರಿಂದಲೇ ಎಂದು ಎಲ್ಲ ಕಡೆ ಓದಿರುತ್ತೀರಿ. ಆ ಹಣೆಪಟ್ಟಿ ಹೊರಗಿನವರು ಅಂಟಿಸಿದ್ದು. ಮೆಕೈ ವೇದಿಕೆಯ ಮೇಲೆಯೇ ಅದನ್ನು ಲೇವಡಿ ಮಾಡಿದ್ದರು, ಪಿಚೊಟ್ಟೊ ಕೂಡ ಇವತ್ತಿಗೂ ಒಪ್ಪಿಲ್ಲ. 2000ದ ದಶಕದ ಇಮೋ ಬ್ಯಾಂಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಕೇಳಿದರೆ ನಿಮಗೆ ನಿರಾಸೆಯಾಗಬಹುದು.

ಕೇಳುವುದಕ್ಕೆ 1991ರ 'ಎಂಡ್ ಆನ್ ಎಂಡ್' ಸಂಕಲನ ಸಾಕು, ಆಲ್ಬಂ ಮತ್ತು ಇಪಿ ಎರಡೂ ಅದರಲ್ಲಿವೆ. ಮೊದಲಿಗೆ 'ಫಾರ್ ವಾಂಟ್ ಆಫ್' ಹಾಕಿ, ಹಿಡಿಸಿದರೆ 'ಡ್ರಿಂಕ್ ಡೀಪ್'. 1984ರ ಏಪ್ರಿಲ್‌ನಲ್ಲಿ ಮುದ್ರಿಸಿದ ಆರು ಹಾಡುಗಳ ಡೆಮೊವನ್ನೂ (ಆಲ್ಬಂಗೆ ಮುಂಚಿನ ಕಚ್ಚಾ ಧ್ವನಿಮುದ್ರಣ) ಡಿಸ್ಕಾರ್ಡ್ 2012ರಲ್ಲಿ ಹೊರತಂದಿದೆ, ಆದರೆ ಅದನ್ನು ಆಲ್ಬಂ ಚೆನ್ನಾಗಿ ಪರಿಚಯವಾದ ಮೇಲೆ ಕೇಳಿ. ಹ್ಯಾಪಿ ಗೋ ಲಿಕಿ ಕೊನೆಗಿರಲಿ. ನನಗೇ ಅದು ಇನ್ನೂ ಪೂರ್ತಿ ಒಗ್ಗಿಲ್ಲ.