ವಿದ್ಯುತ್ ಹಾಯಿಸಿ ನೀರಿನಲ್ಲಿರುವ ಔಷಧಗಳ ಅಂಶವನ್ನು ನಾಶ ಮಾಡಬಹುದೇ? ನಲ್ಲಿ ನೀರಿಗೂ ಇದು ಆಗುತ್ತದೆಯೇ?

ಖಂಡಿತ ನಾಶ ಮಾಡಬಹುದು. ಆದರೆ ಆ ಸಲಕರಣೆಯನ್ನು ಕೂರಿಸಬೇಕಾದದ್ದು ಔಷಧ ಕಾರ್ಖಾನೆ, ದೊಡ್ಡ ಆಸ್ಪತ್ರೆಗಳ ಕೊಳಚೆ ಹೊರಬೀಳುವ ಕಡೆ. ಮನೆಯ ನಲ್ಲಿಗೆ ಬೇಡ. ಲ್ಯಾಬಿನಲ್ಲಿ ಇದೇ ಕೆಲಸ ಮಾಡುವವನಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯ ಒಂದೇ ಶುದ್ಧೀಕರಣ ಘಟಕಕ್ಕೆ ಬರುತ್ತಿತ್ತು. ಅಲ್ಲಿಂದ ಶುದ್ಧೀಕರಿಸಿ ಹೊರಬಿಟ್ಟ ನೀರಿನಲ್ಲೇ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಇತ್ತೆಂದು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ! ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಈ ವಿಧಾನ ಬೇಕಾದದ್ದು ಇಂಥ ಕಡೆ.

ಬೋರಾನ್ ಬೆರೆಸಿದ ವಜ್ರದ ತೆಳು ಲೇಪವಿರುವ ಆನೋಡ್ (ಧನ ವಿದ್ಯುದ್ವಾರ) ಬಳಸುತ್ತೇವೆ. ಅದರ ಮೈಮೇಲೆ ನೀರೇ ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಕ್ಷಣಮಾತ್ರ ಇರುವ ಇದು ಎದುರಾದ ಸಾವಯವ ಅಣುವನ್ನು ಹರಿದು ಹಾಕುತ್ತದೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಾಜೆಪಿನ್‌ನಂಥದ್ದನ್ನು ಕೊಳಚೆ ಶುದ್ಧೀಕರಣ ಘಟಕದ (ಎಸ್‌ಟಿಪಿ) ಬ್ಯಾಕ್ಟೀರಿಯಾಗಳು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಇದು ಅದನ್ನೂ ಬಿಡುವುದಿಲ್ಲ.

ಪ್ಯಾರಾಸಿಟಮಾಲ್ ಕರಗಿಸಿದ ನೀರಿಗೆ ಬಣ್ಣವಿರುವುದಿಲ್ಲ. ಕರೆಂಟ್ ಕೊಟ್ಟು ಸ್ವಲ್ಪ ಹೊತ್ತಿಗೆ ಅದು ಹಳದಿ-ಕಂದಾಗುತ್ತದೆ. ಆಗ ಅಳೆದರೆ ಪ್ಯಾರಾಸಿಟಮಾಲ್ ಬಹುಪಾಲು ಮಾಯವಾಗಿರುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಅಪಾಯ. ಬೆಂಜೋಕ್ವಿನೋನ್‌ನಂಥ, ಮೂಲ ಔಷಧಕ್ಕಿಂತ ವಿಷವಾದ ತುಣುಕುಗಳು ಅದರಲ್ಲಿ ಉಳಿದಿರುತ್ತವೆ. ಇನ್ನೂ ಓಡಿಸಿದರೆ ಬಣ್ಣ ಹೋಗಿ, ಆಕ್ಸಾಲಿಕ್ ಆಮ್ಲದಂಥ ಸಣ್ಣ ಆಮ್ಲಗಳಾಗಿ, ಕಡೆಗೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ‘99% ಔಷಧ ತೆಗೆದಿದ್ದೇವೆ’ ಎಂದು ಯಾರಾದರೂ ಹೇಳಿದರೆ, ತುಣುಕುಗಳೂ ಲೆಕ್ಕಕ್ಕೆ ಬರುವಂತೆ, ನೀರಿನಲ್ಲಿ ಒಟ್ಟು ಸಾವಯವ ಇಂಗಾಲ ಎಷ್ಟು ಇಳಿಯಿತು ಎಂದು ಕೇಳಿ. ನಾನು ನಂಬುವುದು ಆ ಅಂಕಿಯನ್ನು.

ಇನ್ನೊಂದು ತೊಡಕು ನೀರಿನ ಉಪ್ಪಿನಲ್ಲಿರುವ ಕ್ಲೋರೈಡ್. ಕರೆಂಟ್ ಹಾಯಿಸಿದಾಗ ಅದು ಕ್ಲೋರೇಟ್, ಮುಂದೆ ಪರ್‌ಕ್ಲೋರೇಟ್ ಆಗಬಹುದು. ಪರ್‌ಕ್ಲೋರೇಟ್ ಥೈರಾಯ್ಡ್‌ಗೆ ಅಯೋಡಿನ್ ಸೇರದಂತೆ ತಡೆಯುತ್ತದೆ. ಕುಡಿಯುವ ನೀರಿಗೆ ಈ ವಿಧಾನ ಬೇಡ ಎನ್ನಲು ಇದೊಂದೇ ಸಾಕು. ಮೇಲಾಗಿ ನಲ್ಲಿ ನೀರಿನಲ್ಲಿ ಔಷಧ ಇದ್ದರೂ ನ್ಯಾನೋಗ್ರಾಂಗಳ ಲೆಕ್ಕದಲ್ಲಿ. ಅಷ್ಟು ವಿರಳವಾದ ಅಣುಗಳು ಎಲೆಕ್ಟ್ರೋಡ್ ತಲುಪುವ ಹೊತ್ತಿಗೆ ಕರೆಂಟೆಲ್ಲ ನೀರನ್ನು ಒಡೆದು ಆಮ್ಲಜನಕ ಬಿಡುವುದರಲ್ಲೇ ವ್ಯರ್ಥ. ನಲ್ಲಿ ನೀರಿಗೆ ಆ್ಯಕ್ಟಿವೇಟೆಡ್ ಕಾರ್ಬನ್ (ಔಷಧದ ಅಣುಗಳನ್ನು ಹಿಡಿದಿಡುವ ಇದ್ದಿಲು) ಎಷ್ಟೋ ವಾಸಿ.

ಫಿಲ್ಟರ್ ಮಾರಲು ಬಂದವರು ಲೋಟಕ್ಕೆ ಕಂಬಿ ಇಳಿಸಿ, ನಿಮ್ಮ ನೀರನ್ನು ಕಂದು ಮಾಡಿ, ‘ನೋಡಿ, ಔಷಧ, ಕೆಮಿಕಲ್ ಎಲ್ಲ ಹೊರಬಂತು’ ಎಂದರು ಅಂತ ಬರೆದಿದ್ದೀರಿ. ಆ ಕಂದು ಬಣ್ಣ ಅವರ ಕಬ್ಬಿಣದ ಕಂಬಿಯೇ ಕರಗಿ ಬಿಟ್ಟ ತುಕ್ಕು. ಅವರ ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಹೆಚ್ಚು ಹರಿಯುವುದಿಲ್ಲ, ಹಾಗಾಗಿ ತಿಳಿಯಾಗಿಯೇ ಉಳಿಯುತ್ತದೆ. ಮತ್ತೆ ಬಂದರೆ ಆ ಲೋಟಕ್ಕೂ ಒಂದು ಚಿಟಿಕೆ ಉಪ್ಪು ಹಾಕಿ ಕಂಬಿ ಇಳಿಸಲು ಹೇಳಿ. ಅದೂ ಕಂದಾಗುತ್ತದೆ.