ನಿದ್ದೆಯಲ್ಲಿ ಪಾರ್ಶ್ವವಾಯು ಹೊಡೆದರೆ ನಾಲ್ಕೂವರೆ ಗಂಟೆಯ ಗಡುವು ಮುಗಿದಂತೆಯೇ?

ರಾತ್ರಿ ಚೆನ್ನಾಗಿಯೇ ಮಲಗಿದ್ದ ನಿಮ್ಮ ದೊಡ್ಡಪ್ಪ ಬೆಳಿಗ್ಗೆ ಎದ್ದಾಗ ಬಲಗೈ ಎತ್ತಲಾಗಲಿಲ್ಲ, ಮಾತು ತೊದಲುತ್ತಿತ್ತು. ‘ಗಡುವು ದಾಟಿರುತ್ತದೆ, ಇನ್ನು ಓಡಿ ಪ್ರಯೋಜನವಿಲ್ಲ’ ಎಂದುಕೊಂಡು ಮನೆಯವರು ಮಧ್ಯಾಹ್ನದವರೆಗೆ ತಡಮಾಡಿದರು. ಆ ಗಡುವು ನಿಜವೇ, ಹೊಸ ಸಂಶೋಧನೆಗಳು ಏನಾದರೂ ಬದಲಿಸಿವೆಯೇ ಎಂದು ಕೇಳಿದ್ದೀರಿ. ಬದಲಿಸಿವೆ, ಬಹಳವೇ ಬದಲಿಸಿವೆ. ನಾನು ವೈದ್ಯನಲ್ಲ, ಹಲವು ವರ್ಷಗಳಿಂದ ಸಿಟಿ ಮತ್ತು ಎಂಆರ್‌ಐ ಸ್ಕ್ಯಾನ್ ಮಾಡುತ್ತಿರುವ ತಂತ್ರಜ್ಞ. ಈ ಬದಲಾವಣೆ ನಡೆದದ್ದು ನನ್ನ ಯಂತ್ರದ ಮುಂದೆಯೇ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಗಡುವು ಹುಟ್ಟಿದ್ದು ಹೀಗೆ. ರಕ್ತ ಹೆಪ್ಪುಗಟ್ಟಿ ಮಿದುಳಿನ ನಾಳ ಕಟ್ಟಿಕೊಂಡಾಗ ಆ ಹೆಪ್ಪನ್ನು ಕರಗಿಸುವ ಔಷಧಿಯನ್ನು ಮೂರು ಗಂಟೆಯೊಳಗೆ ಕೊಟ್ಟರೆ ಲಾಭವಿದೆ ಎಂದು 1995ರಲ್ಲಿ ಅಮೆರಿಕದ ಪ್ರಯೋಗವೊಂದು ತೋರಿಸಿತು. 2008ರಲ್ಲಿ ಯುರೋಪಿನ ಇನ್ನೊಂದು ಪ್ರಯೋಗ ಅದನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಲೆಕ್ಕ ಶುರುವಾಗುವುದು ರೋಗಿ ಕೊನೆಯ ಬಾರಿ ಸರಿಯಾಗಿದ್ದುದನ್ನು ಯಾರಾದರೂ ಕಂಡ ಹೊತ್ತಿನಿಂದ. ಹಾಗಾಗಿ ರಾತ್ರಿ ಹತ್ತಕ್ಕೆ ಮಲಗಿದವರಿಗೆ ಬೆಳಗಿನ ಐದಕ್ಕೆ ಪಾರ್ಶ್ವವಾಯು ಆಗಿದ್ದರೂ ಗಡಿಯಾರ ಹತ್ತರಿಂದಲೇ ಓಡುತ್ತಿತ್ತು.

2012ರ ಸುಮಾರಿಗೆ ಹೀಗೆಯೇ ಬಂದಿದ್ದ ಒಬ್ಬ ಮಹಿಳೆಯನ್ನು ನಾನು ಮರೆತಿಲ್ಲ. ಎದ್ದ ಒಂದೂವರೆ ಗಂಟೆಯಲ್ಲಿ ಸ್ಕ್ಯಾನ್ ಕೋಣೆಯಲ್ಲಿದ್ದರು. ಎಂಆರ್‌ಐ ತೆಗೆಯುವ ಡಿಫ್ಯೂಷನ್ ಎಂಬ ಬಗೆಯ ಚಿತ್ರದಲ್ಲಿ ಪೆಟ್ಟು ತಿಂದ ಭಾಗ ಬೆಳ್ಳಗೆ ಹೊಳೆಯುತ್ತಿತ್ತು, ಫ್ಲೇರ್ ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ಮಾತ್ರ ಅದೇ ಜಾಗದಲ್ಲಿ ಏನೂ ಕಾಣಲಿಲ್ಲ. ಮಲಗಿದ ಹೊತ್ತು ಹಿಡಿದು ಲೆಕ್ಕ ಹಾಕಿದರೆ ಒಂಬತ್ತು ಗಂಟೆ ಆಗಿತ್ತು. ಔಷಧಿ ಕೊಡಲಿಲ್ಲ. ಅಂದಿನ ನಿಯಮದಂತೆ ಅದು ತಪ್ಪಲ್ಲ. ಆದರೆ ಉತ್ತರ ನಮ್ಮ ಕಣ್ಣೆದುರಿಗೇ ಇತ್ತು, ಅದನ್ನು ನಂಬುವುದಕ್ಕೆ ಬೇಕಾದ ಪುರಾವೆ ಆಗ ಇರಲಿಲ್ಲ.

ಆ ಪುರಾವೆ ಬಂದದ್ದು 2018ರಲ್ಲಿ. ರಕ್ತ ಸಿಗದ ಜೀವಕೋಶಗಳು ಊದಿಕೊಂಡಾಗ ಅಲ್ಲಿ ನೀರಿನ ಚಲನೆ ಕುಂಠಿತವಾಗುತ್ತದೆ; ಡಿಫ್ಯೂಷನ್ ಅದನ್ನು ನಿಮಿಷಗಳಲ್ಲೇ ಹಿಡಿಯುತ್ತದೆ. ಫ್ಲೇರ್‌ನಲ್ಲಿ ಕಲೆ ಮೂಡುವುದಕ್ಕೆ ಕೆಲವು ಗಂಟೆ ಬೇಕು. ಮೊದಲನೆಯದರಲ್ಲಿ ಕಂಡದ್ದು ಎರಡನೆಯದರಲ್ಲಿ ಕಾಣದಿದ್ದರೆ, ಪೆಟ್ಟು ಬಿದ್ದು ಬಹುಶಃ ನಾಲ್ಕೂವರೆ ಗಂಟೆ ಕಳೆದಿಲ್ಲ ಎಂದರ್ಥ. ಯುರೋಪಿನ ‘ವೇಕ್-ಅಪ್’ ಪ್ರಯೋಗದಲ್ಲಿ, ಪಾರ್ಶ್ವವಾಯು ಆದ ಹೊತ್ತು ಗೊತ್ತಿಲ್ಲದ ಇಂಥ ರೋಗಿಗಳಿಗೆ ಔಷಧಿ ಕೊಟ್ಟಾಗ ನೂರರಲ್ಲಿ ಸುಮಾರು 53 ಮಂದಿ ಮೂರು ತಿಂಗಳಲ್ಲಿ ಒಳ್ಳೆಯ ಚೇತರಿಕೆ ಕಂಡರು. ಔಷಧಿ ಸಿಗದವರಲ್ಲಿ ಈ ಸಂಖ್ಯೆ 42. ಮಿದುಳಿನಲ್ಲಿ ರಕ್ತಸ್ರಾವದ ಅಪಾಯ ಔಷಧಿ ಪಡೆದವರಲ್ಲಿ ಹೆಚ್ಚೇ ಇತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ.

ಇನ್ನೂ ದೊಡ್ಡ ತಿರುವು ಥ್ರಾಂಬೆಕ್ಟಮಿಯದು, ಅಂದರೆ ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳುವಾದ ಕೊಳವೆ ಏರಿಸಿ ಹೆಪ್ಪನ್ನೇ ಹೊರಗೆಳೆಯುವುದು. ದೊಡ್ಡ ನಾಳ ಕಟ್ಟಿಕೊಂಡವರಿಗೆ ಇದು ಉಪಯುಕ್ತ ಎಂದು 2015ರ ಹೊತ್ತಿಗೆ ಐದು ಪ್ರಯೋಗಗಳು ಸಾಬೀತುಪಡಿಸಿದವು. 2018ರಲ್ಲಿ ಪ್ರಕಟವಾದ ‘ಡಾನ್’ ಪ್ರಯೋಗ ಆರರಿಂದ ಇಪ್ಪತ್ತನಾಲ್ಕು ಗಂಟೆಗಳ ನಡುವಿನ ರೋಗಿಗಳನ್ನು ತೆಗೆದುಕೊಂಡಿತು. ಮೂರು ತಿಂಗಳ ನಂತರ ಇನ್ನೊಬ್ಬರ ನೆರವಿಲ್ಲದೆ ಬದುಕುತ್ತಿದ್ದವರು ಚಿಕಿತ್ಸೆ ಪಡೆದವರಲ್ಲಿ ಶೇಕಡಾ 49, ಪಡೆಯದವರಲ್ಲಿ 13. ಆ ಅಂಕಿಗಳನ್ನು ಮೊದಲು ಓದಿದ ದಿನ ನನಗೆ ನೆನಪಾದದ್ದು 2012ರ ಆ ಮಹಿಳೆ. ಮಿದುಳಿನ ದೊಡ್ಡ ಭಾಗವೇ ಹಾಳಾಗಿದ್ದರೂ ಕೆಲವರಿಗೆ ಇದರಿಂದ ಲಾಭವಿದೆ ಎಂಬುದು 2022 ಮತ್ತು 2023ರ ಪ್ರಯೋಗಗಳಲ್ಲಿ ಕಂಡಿದೆ.

ಇದನ್ನು ಓದಿ ‘ಇಪ್ಪತ್ತನಾಲ್ಕು ಗಂಟೆ ಇದೆಯಲ್ಲ’ ಎಂದು ದಯವಿಟ್ಟು ಯಾರೂ ನಿಧಾನಿಸಬೇಡಿ. ‘ಡಾನ್’ ಪ್ರಯೋಗಕ್ಕೆ ಆಯ್ಕೆಯಾದವರು, ಅಕ್ಕಪಕ್ಕದ ಕಿರುನಾಳಗಳು ಹೇಗೋ ರಕ್ತ ಪೂರೈಸಿ ಮಿದುಳನ್ನು ಅಷ್ಟು ಹೊತ್ತು ಉಳಿಸಿಕೊಂಡಿದ್ದವರು. ಎಲ್ಲರಿಗೂ ಆ ಭಾಗ್ಯವಿಲ್ಲ. ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು 2006ರಲ್ಲಿ ಪ್ರಕಟವಾದ ಅಂದಾಜು. ಸ್ಕ್ಯಾನ್ ನೋಡಿ ನಿರ್ಧರಿಸುವ ಹಕ್ಕು ವೈದ್ಯರಿಗೆ ಸಿಕ್ಕಿದೆ. ಮನೆಯವರಿಗೆ ಇರುವುದು ಈಗಲೂ ಗಡಿಯಾರ ಒಂದೇ.

ಮನೆಯಲ್ಲೇ ಬಿ.ಪಿ. ಮಾತ್ರೆಯನ್ನೋ ಆಸ್ಪಿರಿನ್ ಅನ್ನೋ ಕೊಡಬಹುದಿತ್ತೇ ಎಂದೂ ಕೇಳಿದ್ದೀರಿ. ಬೇಡ. ನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದು ಸ್ಕ್ಯಾನ್ ಮಾಡದೆ ಖಚಿತವಾಗುವುದಿಲ್ಲ, ಒಡೆದಿದ್ದರೆ ಆಸ್ಪಿರಿನ್ ಅಪಾಯ. ರಕ್ತದೊತ್ತಡದ ವಿಷಯಕ್ಕೆ ಚೀನಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ‘ಇಂಟರಾಕ್ಟ್-4’ ಪ್ರಯೋಗವಿದೆ. ಅಲ್ಲಿ ಆಂಬುಲೆನ್ಸ್‌ನಲ್ಲೇ ಒತ್ತಡ ಇಳಿಸಿ ನೋಡಿದರು. ರಕ್ತಸ್ರಾವವಾಗಿದ್ದವರಿಗೆ ಒಳ್ಳೆಯದಾಯಿತು, ನಾಳ ಕಟ್ಟಿಕೊಂಡಿದ್ದವರಿಗೆ ಕೆಡುಕಾಯಿತು. ಒಂದೇ ಮದ್ದು, ಎರಡು ಫಲ.

ನಿಮ್ಮ ದೊಡ್ಡಪ್ಪನ ಮೊದಲ ಸಿಟಿ ‘ನಾರ್ಮಲ್’ ಎಂದು ಬಂದದ್ದು ನಿಮ್ಮನ್ನು ಗೊಂದಲಕ್ಕೆ ತಳ್ಳಿದೆ. ನಮ್ಮಲ್ಲಿಗೆ ಬರುವ ಎಷ್ಟೋ ಕುಟುಂಬಗಳು ಇದನ್ನು ಕೇಳಿ ನಿರಾಳವಾಗುತ್ತವೆ, ನನಗೆ ಸಂಕಟವಾಗುತ್ತದೆ. ಹೊಸ ರಕ್ತಸ್ರಾವ ಸಿಟಿಯಲ್ಲಿ ತಕ್ಷಣ ಬೆಳ್ಳಗೆ ಕಾಣುತ್ತದೆ, ಆದರೆ ನಾಳ ಕಟ್ಟಿಕೊಂಡಾಗ ಮೊದಲ ಕೆಲವು ಗಂಟೆ ಅದರಲ್ಲಿ ಏನೂ ತೋರದಿರಬಹುದು. ಅಂಥ ವರದಿ ರಕ್ತಸ್ರಾವವಿಲ್ಲ ಎಂದು ಹೇಳುತ್ತದೆಯೇ ಹೊರತು ಪಾರ್ಶ್ವವಾಯು ಇಲ್ಲ ಎಂದಲ್ಲ.

ಹೆಪ್ಪು ಕರಗಿಸುವ ಔಷಧಿಯಲ್ಲೂ ಒಂದು ಬದಲಾವಣೆಯಿದೆ: ಒಂದು ಗಂಟೆ ಹನಿಸಬೇಕಿದ್ದ ಆಲ್ಟಿಪ್ಲೇಸ್ ಬದಲು ಒಂದೇ ಚುಚ್ಚುಮದ್ದಿನಲ್ಲಿ ಮುಗಿಯುವ ಟೆನೆಕ್ಟಿಪ್ಲೇಸ್. ಕೆನಡಾದ 2022ರ ಪ್ರಯೋಗದಲ್ಲಿ ಅದು ಹಳೆಯದಕ್ಕೆ ಕಡಿಮೆಯೇನಲ್ಲ ಎಂದು ಗೊತ್ತಾಯಿತು.

ದೊಡ್ಡಪ್ಪನವರಿಗೆ ಈಗ ಆಗಬೇಕಾದದ್ದು ವ್ಯಾಯಾಮ ಚಿಕಿತ್ಸೆ ಮತ್ತು ಮಾತಿನ ಚಿಕಿತ್ಸೆ. ಜೊತೆಗೆ ಹೃದಯದ ಬಡಿತದಲ್ಲಿ ಏರುಪೇರು ಇದೆಯೇ ಎಂದು ಪರೀಕ್ಷಿಸಿದ್ದಾರೆಯೇ ಕೇಳಿ, ಎಷ್ಟೋ ಹೆಪ್ಪುಗಳು ಹೊರಡುವುದು ಅಲ್ಲಿಂದಲೇ. ಒಂದು ಚೀಟಿಯಲ್ಲಿ ಅವರು ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ರಕ್ತ ತೆಳುವಾಗಿಸುವ ಔಷಧಿ ಇದ್ದರೆ ಅದರ ಪ್ರಮಾಣ, ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹ ಇದೆಯೇ ಎಂಬುದನ್ನು ಬರೆದಿಡಿ. ಎಂಆರ್‌ಐ ಬಾಗಿಲಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಅದೇ, ಮಾತು ನಿಂತ ರೋಗಿ ಉತ್ತರ ಹೇಳಲಾರರು.