ಗೋವಾದ ಹಳೇ ಚರ್ಚ್ ರಿಪೇರಿಗೆ ಮುಂಚೆ ಏನೇನು ನೋಡಬೇಕು?

ವಾಸ್ಕೋದ ಕನ್ನಡ ಗೆಳೆಯರೊಬ್ಬರು ತಮ್ಮ ಬಡಾವಣೆಯ ಹಳೇ ಚರ್ಚ್ ಬಗ್ಗೆ ಇದನ್ನು ಕೇಳಿದ್ದಾರೆ.

ಮೊದಲು ನೀರು ನೋಡಿ. ಇಲ್ಲಿನ ಹಳೇ ಚರ್ಚ್‌ಗಳು ಹೆಚ್ಚಾಗಿ ಚಿರೇಕಲ್ಲಿನವು (ಕೆಂಪು ಜಂಬಿಟ್ಟಿಗೆ ಕಲ್ಲು), ಮೇಲೆ ಸುಣ್ಣದ ಗಾರೆ. ಈ ಕಲ್ಲು ನೀರು ಹೀರುತ್ತದೆ. ಅದಕ್ಕೇ ಜುಲೈ ಮಳೆಯಲ್ಲೇ ಹೋಗಿ. ಹೆಂಚು ಎಲ್ಲಿ ಸರಿದಿದೆ? ಗೋಡೆಯೊಳಗೆ ಸೇರುವ ತೊಲೆಯ ತುದಿ ಮೆತ್ತಗಾಗಿದೆಯಾ, ಗೆದ್ದಲು ಹತ್ತಿದೆಯಾ? ಗಾರೆಯನ್ನು ಬೆರಳಿನಿಂದ ತಟ್ಟಿ. ಪೊಳ್ಳು ಸದ್ದು ಬಂದರೆ ಗಾರೆ ಕಲ್ಲಿನಿಂದ ಬಿಟ್ಟುಕೊಂಡಿದೆ ಎಂದರ್ಥ. ಬಿರುಕಿನ ಎರಡೂ ಬದಿ ಗುರುತು ಹಾಕಿ, ತಿಂಗಳುಗಟ್ಟಲೆ ಅಳೆಯಿರಿ. ಬೆಳೆಯುತ್ತಿರುವ ಬಿರುಕೇ ಜಾಸ್ತಿ ಅಪಾಯ. ಸಿಮೆಂಟ್ ಮಾತ್ರ ಬೇಡವೇ ಬೇಡ, ತೇವ ಒಳಗೇ ಉಳಿದು ಕಲ್ಲನ್ನು ತಿನ್ನುತ್ತದೆ.

ಕಟ್ಟಡದ ಸ್ಥಿತಿಯ ಜೊತೆ ಅದರ ಮಹತ್ವವನ್ನೂ ನೋಡಿ. ಮಹತ್ವ ಅಂದರೆ ಬರೀ ವಯಸ್ಸಲ್ಲ. ಬಲಿಪೀಠದ ಕೆತ್ತನೆ, ನೆಲದ ಸಮಾಧಿಕಲ್ಲಿನ ಬರಹ, ಇಂದಿಗೂ ನಡೆಯುವ ಹಬ್ಬ ಎಲ್ಲವನ್ನೂ ಬರೆದಿಡಿ.

ಸ್ಥಿತಿ, ಮಹತ್ವ ಎರಡೂ ಹೇಗೆ ಒಂದಕ್ಕೊಂದು ಎದುರಾಗುತ್ತವೆ ಅನ್ನೋದಕ್ಕೆ ಹಳೇ ಗೋವಾದ ಬಾಮ್ ಜೀಸಸ್ ಬೆಸಿಲಿಕಾ ನೋಡಿ. 1605ರಲ್ಲಿ ಪ್ರತಿಷ್ಠೆಯಾದ ಕಟ್ಟಡ. 1950ರ ದಶಕದಲ್ಲಿ ಹೊರಗಿನ ಗಾರೆ ಕೆತ್ತಿ ತೆಗೆದರು. ಈಗ ಕಲ್ಲು ಮಳೆಗೆ ಸವೆಯುತ್ತಿದೆ. ಆದರೆ ಜನರ ಮನಸ್ಸಿನಲ್ಲಿ ಆ ಕೆಂಪು ಗೋಡೆಯೇ ಬೆಸಿಲಿಕಾ, ಅಲ್ವಾ? ನನ್ನ ಪ್ರಕಾರ ಮತ್ತೆ ಸುಣ್ಣದ ಗಾರೆ ಹಾಕಲೇಬೇಕು.